ಟಿವಿ ಪಕ್ಕದ ಗಿರಣಿ: ಗ್ರಾಫಿಕ್ಸ್ ಕಾರ್ಡಿನ ಸದ್ದು ಇಳಿಸೋದು ಹೆಂಗ?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಮನಿ. ಹಾಲ್‌ನಾಗಿನ ಟಿವಿಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸೀನಿ, ಗೇಮಿನ ಚಿತ್ರ ಬರಿಯೋ ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾದ ಆರ್‌ಟಿಎಕ್ಸ್ 3060. ಗೇಮ್ ಚಾಲೂ ಆಗಿ ಹತ್ತು ನಿಮಿಷಕ್ಕ ಹಿಟ್ಟಿನ ಗಿರಣಿ ಸುರು ಆದಂಗ ಸದ್ದು ಬರ್ತದ. ಅಡಗಿಮನ್ಯಾಗಿಂದ ಅವ್ವ ಒದರತಾಳ. ಹೊಸ ಕಾರ್ಡ್ ತಗೋಬೇಕೋ, ಫ್ಯಾನ್ ಅಷ್ಟ ಬದಲಿ ಮಾಡಿದ್ರ ಸಾಕೋ?

ಉತ್ತರ: ಎರಡೂ ಬೇಡ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಈ ಪ್ರಶ್ನೆ ನನಗೆ ಹೆಚ್ಚಾಗಿ ಬರುವುದು ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಮೊದಮೊದಲು ಸೋಜಿಗ ಅನಿಸುತ್ತಿತ್ತು. ಏಪ್ರಿಲ್‌ನಲ್ಲಿ ಹುಬ್ಬಳ್ಳಿ ಕಾದ ಹಂಚಾದಾಗ ಕಾರ್ಡಿನ ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ. ಆದರೆ ತಲೆಯ ಮೇಲೆ ಸೀಲಿಂಗ್ ಫ್ಯಾನ್ ಐದರಲ್ಲಿ ಓಡುತ್ತಿರುವುದರಿಂದ ಯಾರಿಗೂ ಕೇಳುವುದಿಲ್ಲ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದು ಸೀಲಿಂಗ್ ಫ್ಯಾನ್ ಬಂದ್ ಆಯಿತೆನ್ನಿ, ಅವತ್ತಿನಿಂದ ಟಿವಿ ಪಕ್ಕದ ಡಬ್ಬಿಯ ಮೇಲೆ ಎಲ್ಲರ ಕಣ್ಣು.

ಮೊದಲು ಆ ಡಬ್ಬಿ ಎಲ್ಲಿದೆ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಅದು ಟಿವಿ ಶೋಕೇಸಿನ ಕೆಳಗಿನ ಖಾನೆಯಲ್ಲಿ, ಗಾಜಿನ ಬಾಗಿಲ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತದೆ. ಹೊರಗೆ ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ: ಡಬ್ಬಿಯನ್ನು ಹೊರಗೆಳೆದು ಹಾಲ್ ನಡುವೆ ಇಟ್ಟು ಅದೇ ಗೇಮ್ ಇಪ್ಪತ್ತು ನಿಮಿಷ ಆಡಿ. ಸದ್ದು ಇಳಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಶೋಕೇಸಿನ ಬಾಗಿಲು ತೆಗೆಸಿ, ಹಿಂದಿನ ಹಲಗೆ ಕೊಯ್ಸಿ. ನೆಲದ ಮೇಲೆ ಇಡುವವರು ಜಮಖಾನೆಯ ಮೇಲೆ ಇಡಬೇಡಿ, ಅದು ನವಲಗುಂದದ್ದೇ ಆಗಿರಲಿ. ಬಹಳಷ್ಟು ಕ್ಯಾಬಿನೆಟ್‌ಗಳಲ್ಲಿ ಪವರ್ ಸಪ್ಲೈ ಕೆಳಗಿನಿಂದಲೇ ಗಾಳಿ ಎಳೆಯುತ್ತದೆ. ಹಳೆಯ ಜಮಖಾನೆಯ ತುಂಡು ಮಡಚಿ ನಾಲ್ಕು ಕಾಲಿನ ಕೆಳಗಷ್ಟೇ ಕೊಟ್ಟರೆ ಮಾತ್ರ ಒಳ್ಳೆಯದು, ಕಟ್ಟಿಗೆಗೆ ಇಳಿಯುವ ನಡುಕ ಅಲ್ಲೇ ನಿಲ್ಲುತ್ತದೆ.

ಇನ್ನು ಕಾರ್ಡಿನ ಮಾತು. ಆರ್‌ಟಿಎಕ್ಸ್ 3060 ಪೂರ್ತಿ ದುಡಿಯುವಾಗ 170 ವ್ಯಾಟ್ ಎಳೆಯುತ್ತದೆ. ಅಷ್ಟೂ ಕೊನೆಗೆ ಶಾಖವೇ. ಆ ಶಾಖವನ್ನು ಹೊರಗೆ ಹಾಕುವುದಷ್ಟೇ ಫ್ಯಾನಿನ ಕೆಲಸ, ಅದು ತಾನಾಗಿ ಕೂಗುವುದಿಲ್ಲ. ಹಾಗಾಗಿ ಫ್ಯಾನ್ ಬದಲಿಸಲು ಹೊರಡುವ ಮೊದಲು ವ್ಯಾಟ್ ಇಳಿಸಿ.

ಟಿವಿ ಸೆಕೆಂಡಿಗೆ 60 ಚಿತ್ರಗಳಷ್ಟೇ ತೋರಿಸುವಂಥದ್ದಾದರೆ ಕಾರ್ಡ್ 140 ಚಿತ್ರ ಬರೆದು ಏನು ಉಪಯೋಗ? ಉಳಿದ 80 ಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಅವುಗಳ ಶಾಖ ಮಾತ್ರ ಹಾಲ್‌ಗೆ ಬರುತ್ತದೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅನ್ನುವ ಸಾಲು ಇದೆ, ಅಲ್ಲಿ 60 ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರೆ. ಡಿಎಲ್‌ಎಸ್‌ಎಸ್, ಅಂದರೆ ಸಣ್ಣ ಅಳತೆಯಲ್ಲಿ ಚಿತ್ರ ಬರೆದು ಎಐ ಮೂಲಕ ಹಿಗ್ಗಿಸುವ ಎನ್ವಿಡಿಯಾದ ಸೌಲಭ್ಯ, ಅದನ್ನು ಹಚ್ಚಿದರೆ ಕಾರ್ಡಿಗೆ ಹೊರೆ ಇಳಿದು ಸದ್ದು ಕಡಿಮೆಯಾಗುತ್ತದೆ ಎಂದು ನಂಬಿರುತ್ತಾರೆ. ಮಿತಿ ಹಾಕದೆ ಹಚ್ಚಿದರೆ ಕಾರ್ಡ್ ಅಷ್ಟೇ ದುಡಿಯುತ್ತದೆ, ಚಿತ್ರಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೆ. ಮೊದಲು ಮಿತಿ, ಆಮೇಲೆ ಡಿಎಲ್‌ಎಸ್‌ಎಸ್. 4ಕೆ ಟಿವಿ ಇದ್ದವರು ಇದನ್ನು ಇನ್ನೂ ಗಮನಿಸಬೇಕು. 1080ಪಿ, ಅಂದರೆ ಫುಲ್ ಎಚ್‌ಡಿಗೆ ಹೋಲಿಸಿದರೆ 4ಕೆ ಚಿತ್ರದಲ್ಲಿ ನಾಲ್ಕು ಪಟ್ಟು ಚುಕ್ಕೆಗಳು, ಅಷ್ಟೂ ಕಾರ್ಡಿಗೇ ಹೊರೆ. ಗೇಮಿನಲ್ಲಿ ಇವೆರಡರ ನಡುವಿನ 1440ಪಿ ಅಳತೆ ಇಟ್ಟರೆ ಸಾಕು. ಎಂಟು ಹತ್ತು ಅಡಿ ದೂರದ ಸೋಫಾದಿಂದ 1440ಪಿ ಮತ್ತು 4ಕೆ ನಡುವಿನ ವ್ಯತ್ಯಾಸ ನನ್ನ ಕಣ್ಣಿಗಂತೂ ತಿಳಿಯುವುದಿಲ್ಲ.

ಎರಡನೆಯ ಹೆಜ್ಜೆ ವೋಲ್ಟೇಜ್ ಇಳಿಸುವುದು, ಅಂಡರ್‌ವೋಲ್ಟ್ ಅನ್ನುತ್ತಾರಲ್ಲ ಅದು. ಹೆಸರು ಕೇಳಿ ಹೆದರಬೇಡಿ. ಕೊಳ್ಳುವವರೆಲ್ಲರ ಚಿಪ್ಪೂ ಸರಿಯಾಗಿ ನಡೆಯಲಿ ಎಂದು ಕಂಪನಿಯವರು ವೋಲ್ಟೇಜನ್ನು ತುಸು ಧಾರಾಳವಾಗಿಯೇ ಇಟ್ಟಿರುತ್ತಾರೆ. ಚಿಪ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.05 ವೋಲ್ಟ್‌ನಿಂದ 0.9ಕ್ಕೆ ಇಳಿದರೆ ಅದೇ ವೇಗದಲ್ಲಿ ಆ ಭಾಗದ ಖರ್ಚು ಕಾಲು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಕಂಟ್ರೋಲ್ ಮತ್ತು ಎಫ್ ಕೀಲಿ ಒಟ್ಟಿಗೆ ಒತ್ತಿದರೆ ಯಾವ ವೋಲ್ಟೇಜಿಗೆ ಚಿಪ್ ಎಷ್ಟು ವೇಗ ಎಂದು ತೋರಿಸುವ ಒಂದು ಗೆರೆ ಕಾಣುತ್ತದೆ. 900 ಮಿಲಿವೋಲ್ಟ್ ಚುಕ್ಕೆಯನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಗಡೆಯ ಚುಕ್ಕೆಗಳನ್ನೆಲ್ಲ ಅದಕ್ಕಿಂತ ಮೇಲೆ ಹೋಗದಂತೆ ಚಪ್ಪಟೆ ಮಾಡಿ ಅಪ್ಲೈ ಕೊಡಿ. ಭಾರದ ಗೇಮೊಂದನ್ನು ಅರ್ಧ ತಾಸು ಆಡಿ. ನಡುವೆ ಗೇಮ್ ಮುಚ್ಚಿಕೊಂಡರೆ ಅಥವಾ ತೆರೆ ಕಪ್ಪಾದರೆ 925ಕ್ಕೆ ಏರಿಸಿ ಮತ್ತೆ ನೋಡಿ. ಇದರಿಂದ ಕಾರ್ಡ್ ಸುಡುವುದಿಲ್ಲ, ಗೇಮ್ ನಿಲ್ಲಬಹುದು ಅಷ್ಟೆ. ಗೆರೆ ಎಳೆಯುವ ಉಸಾಬರಿ ಬೇಡ ಅನ್ನುವವರು ಅದೇ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು 80 ಪ್ರತಿಶತಕ್ಕೆ ಎಳೆದು ಬಿಡಲಿ, ಕಳೆದುಕೊಳ್ಳುವ ಫ್ರೇಮ್‌ಗಳು ಬೆರಳೆಣಿಕೆಯಷ್ಟು. ರೇಡಿಯಾನ್ ಕಾರ್ಡ್ ಇದ್ದವರಿಗೆ ಇವೆಲ್ಲ ಎಎಂಡಿಯ ಅಡ್ರಿನಲಿನ್ ತಂತ್ರಾಂಶದಲ್ಲೇ ಸಿಗುತ್ತವೆ. 50 ವ್ಯಾಟ್ ಉಳಿಸಿ ದಿನಕ್ಕೆ ಮೂರು ತಾಸು ಆಡುವವರ ಹೆಸ್ಕಾಂ ಬಿಲ್ಲಿನಲ್ಲೂ ತಿಂಗಳಿಗೆ ನಾಲ್ಕೂವರೆ ಯೂನಿಟ್ ಇಳಿಯುತ್ತದೆ. ಅವ್ವನಿಗೆ ಈ ಲೆಕ್ಕ ಹೇಳಿ.

ಶಾಖ ಇಳಿದ ಮೇಲೆ ಫ್ಯಾನಿಗೆ ಬನ್ನಿ. ಫ್ಯಾನಿನ ವೇಗ ಕಾಲು ಭಾಗ ಇಳಿಸಿದರೆ ಸುಮಾರು 6 ಡೆಸಿಬೆಲ್, ಅರ್ಧಕ್ಕೆ ಇಳಿಸಿದರೆ ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ. ಆದರೆ ಡೆಸಿಬೆಲ್ ಒಂದೇ ಎಲ್ಲ ಹೇಳುವುದಿಲ್ಲ. ತಂಬೂರಿ ತಾಸುಗಟ್ಟಲೆ ಒಂದೇ ಶ್ರುತಿಯಲ್ಲಿ ನುಡಿದರೆ ಕಿವಿ ಅದನ್ನು ಮರೆತು ಹಾಡಿನೊಳಗೆ ಹೋಗುತ್ತದೆ, ನಡುವೆ ಶ್ರುತಿ ಅಲುಗಿತೋ, ಧಾರವಾಡದ ಶ್ರೋತೃ ತಟ್ಟನೆ ತಲೆ ಎತ್ತುತ್ತಾನೆ. ಫ್ಯಾನೂ ಹಾಗೆ. ತಾಪ 60 ಡಿಗ್ರಿಯಾದಾಗ ಏರಿ, 58ಕ್ಕೆ ಇಳಿದಾಗ ಇಳಿದು, ಮತ್ತೆ ಏರುವ ಫ್ಯಾನು ಸದಾ ಮಧ್ಯಮ ವೇಗದಲ್ಲಿ ತಿರುಗುವ ಫ್ಯಾನಿಗಿಂತ ಎಷ್ಟೋ ಪಾಲು ಕಿರಿಕಿರಿ. ಆಫ್ಟರ್‌ಬರ್ನರ್‌ನ ಫ್ಯಾನ್ ಪುಟದಲ್ಲಿ ನಿಮ್ಮದೇ ಗೆರೆ ಎಳೆಯಿರಿ: 50ರಿಂದ 70 ಡಿಗ್ರಿವರೆಗೆ ಬಹುತೇಕ ಸಪಾಟು, 75 ದಾಟಿದ ಮೇಲೆ ಕಡಿದಾದ ಏರು. ಅಲ್ಲೇ ಹಿಸ್ಟೆರಿಸಿಸ್ ಎಂಬ ಕಡೆ 5 ಹಾಕಿ. ತಾಪ 5 ಡಿಗ್ರಿ ಇಳಿಯುವವರೆಗೆ ಫ್ಯಾನ್ ವೇಗ ಇಳಿಸುವುದಿಲ್ಲ, ಆ ಏರಿಳಿತದ ರಾಗ ನಿಲ್ಲುತ್ತದೆ. 3060ಕ್ಕೆ ಎನ್ವಿಡಿಯಾ ಹೇಳುವ ಗರಿಷ್ಠ ತಾಪ 93 ಡಿಗ್ರಿ. 75 ತೋರಿಸಿತೆಂದು ಗಾಬರಿಯಾಗಬೇಕಿಲ್ಲ.

ಧೂಳಿನ ವಿಷಯ ನಮ್ಮೂರಿನವರಿಗೆ ನಾನೇನು ಹೇಳಲಿ. ಒಂದು ವರ್ಷ ರಂಗಪಂಚಮಿ ಆದ ವಾರ ನನ್ನ ಕಾರ್ಡ್ ಬಿಚ್ಚಿದೆ. ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಎರಿ ಮಣ್ಣಿನ ಬೂದು ಪದರ, ಅದರ ಮೇಲೆ ತೆಳ್ಳಗೆ ಗುಲಾಬಿ ಪದರ. ಕಿಟಕಿಯಿಂದ ಬಂದ ಬಣ್ಣ. ಮೆತ್ತನೆಯ ಬ್ರಶ್ಶು, ಬ್ಲೋಅರ್ ಸಾಕು. ಊದುವಾಗ ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದುಕೊಂಡಿರಿ. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕೀಂ ಎಂಬ ಸಣ್ಣ ದನಿ, ಅದೂ ಗೇಮಿನ ಮೆನುವಿನಲ್ಲಿ ನಿಂತಾಗ ಜಾಸ್ತಿ, ಅಂದರೆ ಅದು ಫ್ಯಾನ್ ಅಲ್ಲ. ಕಾರ್ಡಿನ ಮೇಲಿನ ಸುರುಳಿಗಳು ಕಂಪಿಸುವ ಸದ್ದು, ಕಾಯಿಲ್ ವೈನ್. ಮೆನುವಿನಲ್ಲಿ ಕಾರ್ಡ್ ಸೆಕೆಂಡಿಗೆ ನೂರಾರು ಚಿತ್ರ ಸುಮ್ಮನೆ ಬರೆಯುತ್ತಿರುತ್ತದೆ. 60ರ ಮಿತಿ ಹಾಕಿದವರಿಗೆ ಇದು ಆಗಲೇ ತಗ್ಗಿರುತ್ತದೆ.

ನಿಧಾನವಾಗಿ ತಿರುಗುವಾಗಲೂ ಗರಗರ ಅಂದರೆ ಮಾತ್ರ ಬೇರಿಂಗ್ ಸವೆದಿದೆ, ಆಗ ಫ್ಯಾನ್ ಬದಲಿಸಿ. ವಾರಂಟಿ ಇದ್ದರೆ ಕೊಂಡಲ್ಲೇ ಕೊಡಿ. ನಾನು ಒಮ್ಮೆ ಜಾಣತನ ತೋರಿಸಿ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟಿದ್ದೆ. ಎರಡು ತಿಂಗಳು ಸುಖವಾಗಿತ್ತು, ಆಮೇಲೆ ಎಣ್ಣೆಗೆ ಧೂಳು ಹತ್ತಿ ಮೊದಲಿಗಿಂತ ಕೆಟ್ಟ ಗರಗರ. ಇನ್ನು ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ ತಾಪ, ಚಿಪ್ಪಿನ ತಾಪಕ್ಕಿಂತ 25 ಡಿಗ್ರಿಗೂ ಮೇಲಿದ್ದರೆ ಚಿಪ್ಪಿನಿಂದ ಲೋಹದ ರೆಕ್ಕೆಗಳ ಕಡೆಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನು ಕೈ ಪಳಗಿದವರಿಗೆ ಬಿಡಿ.

ಇಷ್ಟೆಲ್ಲ ಮಾಡಿಯೂ ಅವ್ವ ಒದರಿದರೆ ಡಬ್ಬಿಯನ್ನೇ ಪಕ್ಕದ ಕೋಣೆಗೆ ದಾಟಿಸಿ, ಗೋಡೆಯಲ್ಲಿ ಎಚ್‌ಡಿಎಂಐ ಕೇಬಲ್ ಎಳೆಯಿರಿ. 4ಕೆ 60ಕ್ಕೆ ಸಾಮಾನ್ಯ ಕೇಬಲ್ 5 ಮೀಟರ್‌ವರೆಗೆ ನೆಚ್ಚಬಹುದು, ಅದಕ್ಕಿಂತ ಉದ್ದ ಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ತೆಗೆದುಕೊಳ್ಳಿ. ಹಳೆಯ ಡಿಶ್ ವಾಯರಿನ ತೂತು ಇದೆಯಲ್ಲ ಎಂದು ಖುಷಿಪಡಬೇಡಿ. ಎಚ್‌ಡಿಎಂಐ ತಲೆ ಅದರಲ್ಲಿ ತೂರುವುದಿಲ್ಲ, ಒಂದು ಇಂಚಿನದಾದರೂ ಬೇಕು. ಡ್ರಿಲ್ ಹಚ್ಚುವ ಮೊದಲು ಗೋಡೆಯೊಳಗೆ ಕರೆಂಟಿನ ಪೈಪ್ ಎಲ್ಲಿ ಹೋಗಿದೆ ಅನ್ನುವುದನ್ನು ಮನೆಗೆ ವಾಯರಿಂಗ್ ಮಾಡಿದವರನ್ನು ಕೇಳಿ ಗುರುತು ಹಾಕಿಕೊಳ್ಳಿ.