ಜೀವಾವಧಿ ಎಂದರೆ 14 ವರ್ಷ ತಾನೇ?

ಪ್ರಶ್ನೆ: ಒಂದೇ ಕಲಂನಡಿ ಒಬ್ಬನಿಗೆ ಎರಡು ವರ್ಷ, ಇನ್ನೊಬ್ಬನಿಗೆ ಐದು ವರ್ಷ ಸಜೆ ಆಗುತ್ತದೆ. ನ್ಯಾಯಾಧೀಶರು ಇದನ್ನು ಹೇಗೆ ತೀರ್ಮಾನಿಸುತ್ತಾರೆ? ಜೀವಾವಧಿಗೆ ಹೇಗೂ 14 ವರ್ಷ ಎಂದು ಗೊತ್ತಿದೆ, ಉಳಿದವಕ್ಕೆ ಲೆಕ್ಕವೇನು?

ಉತ್ತರ: ಗೊತ್ತಿದೆ ಎಂದು ದಾಟಿಬಿಟ್ಟಿರಲ್ಲ, ತಪ್ಪಿರುವುದು ಅಲ್ಲೇ. ಎಷ್ಟು ಸಲ ತಿದ್ದಿದರೂ ಈ ಮಾತು ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಮೊದಲು ಅದನ್ನೇ ಮುಗಿಸೋಣ.

ಜೀವಾವಧಿ ಶಿಕ್ಷೆ ಎಂದರೆ ಕೈದಿಯ ಉಸಿರಿರುವವರೆಗೆ. ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ, 1961ರಲ್ಲೇ, ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 14ರ ಮೂಲ ಬೇರೆ. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿತು. ಆ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈಗ ಅದು ಕಲಂ 475. ಕೊಲೆಯಂತೆ ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡಬೇಕೆಂದರೂ ಆತ ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆದಿರಬೇಕು ಎನ್ನುತ್ತದೆ ಅದು. ಜೈಲಿನಲ್ಲಿ ಗಳಿಸಿದ ಮಾಫಿ ದಿನಗಳನ್ನು ಸೇರಿಸಿ ಆ 14ನ್ನು ತುಂಬಿಸುವಂತಿಲ್ಲ. 14 ತುಂಬಿದ ದಿನ ಗೇಟು ತಾನಾಗಿ ತೆರೆಯುವುದೂ ಇಲ್ಲ. ಅರ್ಜಿ ಪರಿಗಣನೆಗೆ ಬರಬಹುದು, ಅಷ್ಟೇ. ಬಿಡುವುದು ಬಿಡದಿರುವುದು ಸರ್ಕಾರಕ್ಕೆ ಸೇರಿದ್ದು. ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಸನ್ನಡತೆಯ ಮೇಲೆ ಬಿಡುಗಡೆಯಾದವರ ಸುದ್ದಿ ಓದುತ್ತೇವೆ, ಒಳಗೇ ಉಳಿದವರದ್ದು ಸುದ್ದಿಯಾಗುವುದಿಲ್ಲ.

ಇನ್ನು ಕೆಲವರು 20 ವರ್ಷ ಎನ್ನುತ್ತಾರೆ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ ಕಲಂ 6ರಲ್ಲಿ ಆ ಅಂಕಿ ಇದೆ, ಆದರೆ ಭಿನ್ನಾಂಕದ ಲೆಕ್ಕಕ್ಕೆ ಮಾತ್ರ. ಅಪರಾಧದ ಪ್ರಯತ್ನಕ್ಕೆ 'ಜೀವಾವಧಿಯ ಅರ್ಧ' ಎಂದಾಗ ಯಾವುದರ ಅರ್ಧ ಎಂದು ತಿಳಿಯಬೇಕಲ್ಲ, ಅಲ್ಲಿ 20ರ ಅರ್ಧ 10. ಹಗಲೊಂದು ದಿನ ರಾತ್ರಿಯೊಂದು ದಿನ ಎಂಬ ಎಣಿಕೆಯಂತೂ ಯಾವ ಕಾನೂನಿನಲ್ಲೂ ಇಲ್ಲ. ಬೆಂಗಳೂರಿನ ಕೊಲೆಯೊಂದರ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲಿನ ಬದಲು ಜೀವಾವಧಿ ಕೊಟ್ಟು, ಬದುಕಿರುವವರೆಗೂ ಬಿಡುಗಡೆ ಇಲ್ಲ ಎಂದು ಸೇರಿಸಿತು. ಹಾಗೆ ಮಾಫಿಯ ಬಾಗಿಲು ಮುಚ್ಚುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗಷ್ಟೇ ಇದೆ ಎಂದು 2015ರಲ್ಲಿ ಸಂವಿಧಾನ ಪೀಠ ಹೇಳಿತು.

ಈಗ ನಿಮ್ಮ ಪ್ರಶ್ನೆ. ಮೊದಲು ಕಲಂ ಹಾಕಿದ ಬೇಲಿ ನೋಡಬೇಕು. ಕೊಲೆಗೆ ಜೀವಾವಧಿಗಿಂತ ಕಡಿಮೆ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೊದ ಕಲಂ 4ರಲ್ಲಿ ಮಗು 16ರೊಳಗಿದ್ದರೆ ಕನಿಷ್ಠ 20 ವರ್ಷ. ನ್ಯಾಯಾಧೀಶರ ಮನಸ್ಸು ಎಷ್ಟೇ ಕರಗಿದರೂ ಅದರ ಕೆಳಗಿಳಿಯಲಾಗದು. ಬೇಲಿಯೊಳಗೆ ಜಾಗವಿದ್ದಾಗ ತೂಗುವುದು ಇವನ್ನು: ಮೊದಲೇ ಹೊಂಚು ಹಾಕಿದ್ದೋ ಕ್ಷಣದ ಸಿಟ್ಟೋ, ಆಯುಧ ಯಾವುದು, ಪೆಟ್ಟು ಎಲ್ಲಿಗೆ ಬಿತ್ತು, ಬಲಿಯಾದವರು ಎಷ್ಟು ಅಸಹಾಯಕರು, ನಂಬಿದವರಿಗೇ ಮಾಡಿದ ದ್ರೋಹವೋ, ಹಿಂದೆ ಶಿಕ್ಷೆಯಾಗಿದೆಯೋ. ಗಮನಿಸಿ, ಶಿಕ್ಷೆ ಆಗಿರಬೇಕು. ಬಾಕಿ ಇರುವ ಕೇಸು ಆ ಲೆಕ್ಕಕ್ಕೆ ಬಾರದು. ಆರೋಪಿ 21ರೊಳಗಿನವನಾಗಿ ಅಪರಾಧ ಜೀವಾವಧಿಯಷ್ಟು ಗಂಭೀರವಲ್ಲದಿದ್ದರೆ, ಜೈಲಿನ ಬದಲು ಸನ್ನಡತೆಯ ಮೇಲೆ ಬಿಡಲು ಅವಕಾಶ ಕೊಡುವ 1958ರ ಪ್ರೊಬೇಷನ್ ಕಾಯ್ದೆಯಂತೆ ಜೈಲಿಗೆ ಕಳಿಸಲು ಕಾರಣ ಬರೆಯಬೇಕು.

ಇದನ್ನೆಲ್ಲ ಹೇಳಿಕೊಳ್ಳಲೆಂದೇ, ತಪ್ಪಿತಸ್ಥ ಎಂದು ಘೋಷಿಸಿದ ಮೇಲೆ ಸೆಷನ್ಸ್ ನ್ಯಾಯಾಲಯ ಶಿಕ್ಷೆಯ ಪ್ರಮಾಣದ ಬಗ್ಗೆ ಬೇರೆಯಾಗಿ ವಾದ ಕೇಳುತ್ತದೆ. ಕೆಡುವುದು ಇಲ್ಲೇ. "ಬಡವ, ಹೆಂಡತಿ ಮಕ್ಕಳಿದ್ದಾರೆ, ದಯೆ ತೋರಿ" ಎಂಬ ಒಂದೇ ಸಾಲಿಗೆ ವಾದ ಮುಗಿದುಬಿಡುತ್ತದೆ. ವಯಸ್ಸಿನ ದಾಖಲೆ, ಚಿಕಿತ್ಸೆಯ ಕಾಗದ, ಜೈಲಿನ ನಡತೆಯ ವರದಿ ಯಾವುದೂ ಇರುವುದಿಲ್ಲ. ಬರೀ ಆ ಸಾಲಿಗೆ ಎಷ್ಟು ಬೆಲೆ ಎಂಬುದನ್ನು ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ ಪ್ರಕರಣ (2000) ತೋರಿಸುತ್ತದೆ. ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ಆಗಿದ್ದ 10 ವರ್ಷವನ್ನು ಅನಕ್ಷರತೆ, ಕುಡಿತದ ಚಟ, ಸಂಸಾರದ ಹೊಣೆ ಎಂಬ ಕಾರಣಗಳಿಗೆ ಹೈಕೋರ್ಟ್ 4ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಆ ಕಾರಣಗಳನ್ನು ಒಪ್ಪದೆ ಮತ್ತೆ 10 ವರ್ಷವನ್ನೇ ಎತ್ತಿಹಿಡಿಯಿತು.

ನೀವು ಕೇಳದಿದ್ದರೂ ದಂಡದ ವಿಷಯ ಹೇಳಲೇಬೇಕು, ಎಷ್ಟೋ ಮನೆಯವರು ಮೋಸಹೋಗುವುದು ಅಲ್ಲಿ. "ದಂಡ ತಪ್ಪಿದಲ್ಲಿ ನಾಲ್ಕು ತಿಂಗಳು ಸಜೆ" ಎಂದಿದ್ದರೆ ಅದು ಮುಖ್ಯ ಶಿಕ್ಷೆಯ ಜೊತೆ ಏಕಕಾಲಕ್ಕೆ ಓಡುವುದಿಲ್ಲ. ಮುಖ್ಯ ಶಿಕ್ಷೆ ಮುಗಿದ ಮೇಲೆ ಶುರು. ಪೂರ್ತಿ ಹಣವಿಲ್ಲ ಎಂದು ಕೈಚೆಲ್ಲಬೇಡಿ. ₹10,000 ದಂಡದಲ್ಲಿ ₹7,500 ಕಟ್ಟಿದರೆ ನಾಲ್ಕು ತಿಂಗಳಲ್ಲಿ ಮೂರು ಕಳೆಯುತ್ತವೆ, ಒಂದೇ ತಿಂಗಳು ಉಳಿಯುತ್ತದೆ. ಉಳಿದ ₹2,500ನ್ನು ಆ ತಿಂಗಳ ನಡುವೆ ಕಟ್ಟಿದರೂ ಆ ಸಜೆ ಅಲ್ಲಿಗೇ ಮುಗಿಯುತ್ತದೆ.