ಮದ್ದು ಹೋದ ಮೇಲೂ ಉಳಿಯುವ ತುಣುಕು

ಕೊಡಗಿನ ಕೈಲ್‌ಪೊಳ್ದ್ ಹಬ್ಬ ಹತ್ತಿರವಾಗುತ್ತಿದ್ದಂತೆ ಹಂದಿ ಸಾಕುವವರು ನನಗೆ ಫೋನು ಮಾಡಿ ಕೇಳುವ ಪ್ರಶ್ನೆ ಒಂದೇ: “ಡಾಕ್ಟ್ರೇ, ಭೇದಿಗೆ ಹಳದಿ ಪುಡಿ ಕೊಟ್ಟು ನಿಲ್ಲಿಸಿ ಹದಿನೈದು ದಿನವಾಯಿತು, ಇನ್ನು ಕಡಿಯಬಹುದಲ್ಲ?” ಹಳದಿ ಪುಡಿಯೆಂದರೆ ಫ್ಯುರಾಜೋಲಿಡೋನ್, ನೈಟ್ರೋಫ್ಯುರಾನ್ ಗುಂಪಿನ ಮದ್ದು.

ಹಲವು ಆಂಟಿಬಯೋಟಿಕ್‌ಗಳಿಗೆ, ಮದ್ದು ನಿಲ್ಲಿಸಿ ಕಡಿಯುವ ಮೊದಲು ಇಷ್ಟು ದಿನ ಕಾಯಿರಿ ಎಂದು ಲೇಬಲ್ಲಿನ ಮೇಲಿರುವ ಲೆಕ್ಕ ಸಾಕಾಗುತ್ತದೆ. ಇದಕ್ಕೆ ಸಾಲದು. ಮೂಲ ಮದ್ದು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತದೆ, ನಿಜ. ಆದರೆ ಮಾಯವಾಗುವುದೆಂದರೆ ಹೊರಗೆ ಹೋಗುವುದೆಂದಲ್ಲ. ದೇಹದ ಕಿಣ್ವಗಳು ಅದರ ನೈಟ್ರೋ ಭಾಗವನ್ನು ಅಪಕರ್ಷಿಸಿದಾಗ (ಅಂದರೆ ಅದಕ್ಕೆ ಎಲೆಕ್ಟ್ರಾನುಗಳನ್ನು ಸೇರಿಸಿದಾಗ) ಅತಿ ಚುರುಕಾದ ಮಧ್ಯವರ್ತಿ ಅಣುಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದಷ್ಟು ಯಕೃತ್ತು, ಮೂತ್ರಪಿಂಡ, ಮಾಂಸಖಂಡಗಳ ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದುಕೊಂಡುಬಿಡುತ್ತವೆ. ಹೀಗೆ ಬೆಸೆದ ಅಣುವಿನ ಬಾಲದಲ್ಲಿರುವ ಎಒಜೆಡ್ ಎಂಬ ತುಣುಕು ಮದ್ದು ನಿಲ್ಲಿಸಿ ಹಲವು ವಾರಗಳಾದರೂ ಮಾಂಸದಲ್ಲಿ ಪತ್ತೆಯಾಗುತ್ತದೆ. ಪ್ರಯೋಗಾಲಯಗಳು ಮೂಲ ಮದ್ದಿನ ಬದಲು ಈ ತುಣುಕನ್ನೇ ಹುಡುಕುವುದು ಇದಕ್ಕಾಗಿ: ಮಾಂಸವನ್ನು ತೆಳು ಆಮ್ಲದಲ್ಲಿ ರಾತ್ರಿಯಿಡೀ ಬೆಚ್ಚಗಿಟ್ಟು ತುಣುಕನ್ನು ಬಿಡಿಸಿಕೊಂಡು ಅಳೆಯುತ್ತಾರೆ.

ಪೊನ್ನಂಪೇಟೆ ಕಡೆಯ ಹಿರಿಯರೊಬ್ಬರು ಗೂಡಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಎಳೆದು ಲೆಕ್ಕವಿಟ್ಟಿದ್ದರು. ಅಷ್ಟು ಶಿಸ್ತಿನ ಮನುಷ್ಯನಿಗೆ ಆ ಗೀಟುಗಳೆಲ್ಲ ವ್ಯರ್ಥವೆಂದು ಹೇಳಲು ನನಗೇ ಸಂಕಟವಾಯಿತು. ಅವರು ಬಿಡಲಿಲ್ಲ: “ಹುಳಿಗೆ ಕಾಚಂಪುಳಿ ಹಾಕಿ ಚೆನ್ನಾಗಿ ಬೇಯಿಸುತ್ತೇವಲ್ಲ?” ಬೇಯಿಸಿದರೂ ಈ ಶೇಷ ಬಹುಪಾಲು ಹಾಗೆಯೇ ಉಳಿಯುತ್ತದೆ. ಆಮ್ಲವಂತೂ ತುಣುಕನ್ನು ಪ್ರೋಟೀನಿನಿಂದ ಬಿಡಿಸಬಲ್ಲದು, ನಾಶ ಮಾಡಲಾರದು; ನಮ್ಮ ಜಠರದ ಆಮ್ಲವೂ ಬಿಡಿಸುವ ಕೆಲಸವನ್ನೇ ಮಾಡಬಲ್ಲದು.

ಒಂದು ಹೊತ್ತಿನ ಪಂದಿ ಕರಿಯಿಂದ ಯಾರಿಗೋ ಕ್ಯಾನ್ಸರ್ ಬರುತ್ತದೆಂದು ನಾನು ಹೇಳುತ್ತಿಲ್ಲ. ಹಾಗೆ ಹೆದರಿಸುವುದು ವೈದ್ಯಧರ್ಮವೂ ಅಲ್ಲ. ಫ್ಯುರಾಜೋಲಿಡೋನ್ ಪ್ರಯೋಗದ ಪ್ರಾಣಿಗಳಲ್ಲಿ ಗಡ್ಡೆ ಉಂಟುಮಾಡಿದ್ದು, ವಂಶವಾಹಿಗೆ ಹಾನಿ ಮಾಡಬಲ್ಲದೆಂದು ಕಂಡದ್ದರಿಂದ ಇಷ್ಟರವರೆಗೆ ಸುರಕ್ಷಿತವೆಂಬ ಮಿತಿಯನ್ನು ತಜ್ಞರು ನಿಗದಿಪಡಿಸಲಿಲ್ಲ. ಯುರೋಪ್ 1995ರಲ್ಲೇ ಆಹಾರದ ಪ್ರಾಣಿಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ನಮ್ಮಲ್ಲೂ 2025ರಲ್ಲಿ ನಿಷೇಧವಾಗಿದೆ. ಆದ್ದರಿಂದ “ಎಷ್ಟು ದಿನ ಬಿಡಬೇಕು” ಎಂಬ ಪ್ರಶ್ನೆಗೆ ನನ್ನಲ್ಲಿ ಅಂಕಿಯಿಲ್ಲ. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೆ ಗೂಡಿಗೆ ತರಬೇಡಿ. ಮುಂಗಾರಿನಲ್ಲಿ ಮರಿಗಳಿಗೆ ಭೇದಿಯಾದಾಗ ಮೊದಲು ನೆಲ ಒದ್ದೆಯಿದೆಯೇ ನೋಡಿ, ಒಣ ಹುಲ್ಲು ಹಾಸಿ ಬೆಚ್ಚಗಿಡಿ, ಕುಡಿಯಲು ಓಆರ್‌ಎಸ್ ಇಡಿ, ಆಮೇಲೆ ಫೋನು ಮಾಡಿ.