2.30 + 1.25 = 4.15

2.30ಕ್ಕೆ 1.25 ಕೂಡಿಸಿದರೆ ಎಷ್ಟು? ಕ್ಯಾಲ್ಕುಲೇಟರ್ 3.55 ಅನ್ನುತ್ತದೆ. ಬಾಗಲಕೋಟೆ ಕಡೆ ಉತಾರ (ಜಮೀನಿನ ಪಹಣಿ) ಓದಿ ಗೊತ್ತಿರುವ ಯಾರನ್ನಾದರೂ ಕೇಳಿ, 4.15 ಅನ್ನುತ್ತಾರೆ. ಎರಡೂ ಸರಿ. ಉತಾರದ ಚುಕ್ಕೆಗೆ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. 40 ಗುಂಟೆಗೆ ಒಂದು ಎಕರೆ. 30 ಮತ್ತು 25 ಸೇರಿ 55 ಗುಂಟೆ. ಅದರಲ್ಲಿ 40 ಹೋಗಿ ಒಂದು ಎಕರೆಯಾಯಿತು, 15 ಗುಂಟೆ ಉಳಿಯಿತು.

ಹೋಲಿಸಲು ಹೋದರೆ ಇನ್ನೂ ಗಡಿಬಿಡಿ. 2.5 ದೊಡ್ಡದೋ, 2.30 ದೊಡ್ಡದೋ? ದಶಮಾಂಶದ ಲೆಕ್ಕಕ್ಕೆ 2.5 ದೊಡ್ಡದು. ಹೊಲಕ್ಕೆ ಹೋಗಿ ಅಳೆದರೆ 2 ಎಕರೆ 30 ಗುಂಟೆಯೇ ದೊಡ್ಡದು, ಅದೂ 25 ಗುಂಟೆ ಜಾಸ್ತಿ. ಇಂಥ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಸಾಲಾಗಿ ತುಂಬಿ ಕೆಳಗೆ ಮೊತ್ತ ಹಾಕಿದರೆ ತಪ್ಪು ಉತ್ತರ ಬರುತ್ತದೆ. ಎಚ್ಚರಿಕೆ ಇಲ್ಲ, ಕೆಂಪು ಗುರುತು ಇಲ್ಲ. ಕಂಪ್ಯೂಟರಿಗೆ ಕಾಣುವುದು ಬರೀ ಎರಡು ದಶಮಾಂಶ ಸಂಖ್ಯೆ. ಅವು ಹೊಲ ಎಂದು ಅದಕ್ಕೆ ಯಾರೂ ಹೇಳಿಲ್ಲ, ಅಲ್ವಾ?

ಹಾಗಾದರೆ ಹೇಳಿಬಿಡೋಣ. ಪ್ರೋಗ್ರಾಮಿನಲ್ಲಿ 'ಹೊಲ' ಅನ್ನುವ ಒಂದು ಕ್ಲಾಸ್, ಅಂದರೆ ಹೊಸ ಬಗೆಯ ವಸ್ತುವಿನ ವಿವರಣೆ, ಬರೆಯೋಣ. ಹೊಲಕ್ಕೆ ಹೊಲ ಕೂಡಿಸುವುದು ಎಂದರೇನು, ಹೊಲಕ್ಕಿಂತ ಹೊಲ ದೊಡ್ಡದು ಎಂದರೇನು ಎಂದು ಅದರಲ್ಲೇ ಬರೆದಿಡೋಣ. ಆಮೇಲೆ ಎಲ್ಲರಿಗೂ ಗೊತ್ತಿರುವ + ಮತ್ತು > ಗುರುತುಗಳನ್ನೇ ಬಳಸೋಣ. ಇದಕ್ಕೆ ಆಪರೇಟರ್ ಓವರ್‌ಲೋಡಿಂಗ್ ಎಂದು ಹೆಸರು. ಇಂಜಿನಿಯರಿಂಗ್ ಪಠ್ಯಗಳಲ್ಲಿ ಇದಕ್ಕೆ ಸಿಗುವುದು ಸಾಮಾನ್ಯವಾಗಿ ಸಂಕೀರ್ಣ ಸಂಖ್ಯೆಗಳ ಒಂದು ಉದಾಹರಣೆ. ಹುಡುಗರು ಅದನ್ನು ಬಾಯಿಪಾಠ ಮಾಡಿ, ಇದೊಂದು ಶೋಕಿ, ಕ್ಲಾಸ್ ಒಳಗೆ ಬರೆಯುವ ಕೆಲಸಕ್ಕೆ ಅಂದರೆ ಮೆಥಡ್‌ಗೆ ಹೆಸರಿಟ್ಟು ಕರೆದರೂ ನಡೆಯುತ್ತದೆ ಅಂದುಕೊಂಡು ಮುಂದೆ ಹೋಗುತ್ತಾರೆ. ನಾನು ಒಪ್ಪುವುದಿಲ್ಲ. + ಗುರುತಿಗೆ ಸ್ವಂತದ ಅರ್ಥ ಯಾವತ್ತೂ ಇರಲಿಲ್ಲ. ಎರಡೂ ಬದಿಗೆ ಏನಿದೆಯೋ ಅದರಿಂದಲೇ ಅರ್ಥ ಬರುತ್ತದೆ. ಗಣಿತದವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು.

ಭಾಸ್ಕರಾಚಾರ್ಯರನ್ನೇ ನೋಡಿ. ಹುಟ್ಟಿದ್ದು 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯ ಆಸರೆಯ ವಿಜ್ಜಡವಿಡ ಎಂದು ತಾವೇ ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಹಲವರ ಮಾತು. ಮಹಾರಾಷ್ಟ್ರದ ಚಾಳಿಸ್‌ಗಾಂವ್ ಹತ್ತಿರದ ಪಾಟಣ ಎನ್ನುವವರೂ ಇದ್ದಾರೆ. ಅವರ ಮೊಮ್ಮಗ ಚಂಗದೇವನ ಮಠದ ಶಾಸನ ಸಿಕ್ಕಿದ್ದು ಅಲ್ಲಿ. ಆ ವಾದ ಅಲ್ಲಿಗಿರಲಿ. ಅವರ 'ಬೀಜಗಣಿತ' ಶುರುವಾಗುವ ರೀತಿ ನನಗೆ ಬಹಳ ಇಷ್ಟ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗ, ವರ್ಗಮೂಲ, ಹೀಗೆ ಆರು ಕ್ರಿಯೆ. ಇವಕ್ಕೆ ಷಡ್ವಿಧ ಎಂದು ಹೆಸರು. ಈ ಆರನ್ನೂ ಒಂದು ಸಲ ಹೇಳಿ ಅವರು ಕೈ ತೊಳೆದುಕೊಳ್ಳುವುದಿಲ್ಲ. ಧನ ಮತ್ತು ಋಣ ಸಂಖ್ಯೆಗಳಿಗೆ ಈ ಕ್ರಿಯೆಗಳು ಹೇಗೆ ಎಂದು ಹೇಳುತ್ತಾರೆ. ಸೊನ್ನೆಗೆ ಹೇಗೆ ಎಂದು ಮತ್ತೆ ಹೇಳುತ್ತಾರೆ. ಬೆಲೆ ಗೊತ್ತಿಲ್ಲದ ಅವ್ಯಕ್ತಕ್ಕೆ ಬೇರೆ, ಕರಣಿಗೆ ಬೇರೆ. ಹೊಸ ಬಗೆಯ ವಸ್ತು ಬಂದಾಗಲೆಲ್ಲ ಹಳೆಯ ಕ್ರಿಯೆಗಳಿಗೆ ಹೊಸ ನಿಯಮ.

ಕರಣಿ ಎಂದರೆ ವರ್ಗಮೂಲ ಪೂರ್ತಿ ಸಂಖ್ಯೆಯಾಗಿ ಬರದಂಥದ್ದು. ಕರಣಿ 2 ಅಂದರೆ 2ರ ವರ್ಗಮೂಲ. ಕರಣಿ 2ಕ್ಕೆ ಕರಣಿ 8 ಕೂಡಿಸಿ ಎನ್ನುತ್ತಾರೆ ಭಾಸ್ಕರರು. ಅವಸರಪಟ್ಟು 10 ಎನ್ನಬೇಡಿ. ಉತ್ತರ ಕರಣಿ 18. ನಿಯಮ ಹೀಗಿದೆ: ಎರಡನ್ನೂ ಕೂಡಿಸಿ, 10. ಎರಡನ್ನೂ ಗುಣಿಸಿ, 16. ಅದರ ಮೂಲ 4, ಅದರ ಎರಡು ಪಟ್ಟು 8. 10 ಮತ್ತು 8 ಸೇರಿ 18. ಇದೇ ನಿಯಮದಲ್ಲಿ ಕರಣಿ 3 ಮತ್ತು ಕರಣಿ 27 ಸೇರಿ ಕರಣಿ 48. ಮುಂದಿನ ಜೋಡಿ ಕರಣಿ 3 ಮತ್ತು ಕರಣಿ 7. ಗುಣಿಸಿದರೆ 21, ಅದಕ್ಕೆ ಸರಿಯಾದ ಮೂಲ ಇಲ್ಲ. ಆಗ ಅವನ್ನು ಒಂದು ಮಾಡಲು ಬರುವುದಿಲ್ಲ, ಬೇರೆ ಬೇರೆಯಾಗಿಯೇ ಬರೆದಿಡಿ ಎನ್ನುತ್ತಾರೆ. ಆಗದ್ದನ್ನು ಆಗುವುದಿಲ್ಲ ಎಂದು ಹೇಳುವುದೂ ನಿಯಮದ ಭಾಗವೇ. ಈ ಮಾತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹತ್ತಿರ ಬಂದಾಗ ಮತ್ತೆ ಬೇಕಾಗುತ್ತದೆ.

ಇದನ್ನೆತ್ತಿಕೊಂಡು 'ಪ್ರೋಗ್ರಾಮಿಂಗ್ ಎಲ್ಲಾ ನಮ್ಮಲ್ಲೇ ಇತ್ತು' ಎಂದು ವಾಟ್ಸಾಪ್‌ನಲ್ಲಿ ಹರಿಬಿಡುವವರು ಇದ್ದಾರೆ. ನನಗೆ ನಿಜಕ್ಕೂ ಬೇಸರವಾಗುತ್ತದೆ. ಭಾಸ್ಕರರು ಕಂಪ್ಯೂಟರ್ ಬಗ್ಗೆ ಏನೂ ಬರೆದಿಲ್ಲ. ಅವರು ಬರೆದದ್ದು ಕರಣಿಯ ಲೆಕ್ಕ, ಬಹಳ ಚೆನ್ನಾಗಿ ಬರೆದರು. ಮಾಡದ ಕೆಲಸವನ್ನು ಅವರ ತಲೆಗೆ ಕಟ್ಟುವವರು ಮಾಡಿದ ಕೆಲಸವನ್ನು ಓದುವುದೇ ಇಲ್ಲ. 2 ಮತ್ತು 8 ಯಾಕೆ 18 ಆಯಿತು ಎಂದು ಮಕ್ಕಳು ಕೇಳಿದರೆ ಆ ಫಾರ್ವರ್ಡ್‌ಗಳಲ್ಲಿ ಉತ್ತರ ಸಿಗುವುದಿಲ್ಲ.

ಗುರುತುಗಳ ಕಥೆಯೂ ಹಾಗೆಯೇ. 1881ರಲ್ಲಿ ಪೇಶಾವರದ ಹತ್ತಿರ ಸಿಕ್ಕ ಬಕ್ಷಾಲಿ ಹಸ್ತಪ್ರತಿಯಲ್ಲಿ ಇವತ್ತಿನ + ನಂಥದ್ದೇ ಒಂದು ಗುರುತಿದೆ. ಅಲ್ಲಿ ಅದು ಋಣ ಸಂಖ್ಯೆಯ ಗುರುತು! ಭಾಸ್ಕರರ ಪದ್ಧತಿಯಲ್ಲಿ ಋಣಕ್ಕೆ ಅಂಕಿಯ ಮೇಲೊಂದು ಚುಕ್ಕೆ. ಕೂಡುವ ಕಳೆಯುವ ಗುರುತುಗಳು ಅಚ್ಚಿನಲ್ಲಿ ಬಂದದ್ದು 1489ರಲ್ಲಿ, ಜರ್ಮನಿಯ ಯೋಹಾನೆಸ್ ವಿಡ್‌ಮನ್ ಬರೆದ ಲೆಕ್ಕದ ಪುಸ್ತಕದಲ್ಲಿ. ಸಮ ಎನ್ನುವ ಎರಡು ಗೆರೆಗಳನ್ನು ತಂದವರು ವೇಲ್ಸ್‌ನ ರಾಬರ್ಟ್ ರೆಕಾರ್ಡ್, 1557ರಲ್ಲಿ. ಜನ ಕೂತು ಒಪ್ಪಿಕೊಂಡ ಗುರುತುಗಳು ಇವು. ಒಪ್ಪಂದವನ್ನು ಇನ್ನೂ ಒಂದು ಬಗೆಯ ವಸ್ತುವಿಗೆ ವಿಸ್ತರಿಸಿದರೆ ಯಾವ ನಿಯಮವೂ ಮುರಿಯುವುದಿಲ್ಲ.

ಕಂಪ್ಯೂಟರ್ ಲೋಕಕ್ಕೆ ಬಂದರೆ, 1957ರ ಫೋರ್ಟ್ರಾನ್‌ನಲ್ಲೇ + ಎರಡು ಕೆಲಸ ಮಾಡುತ್ತಿತ್ತು. ಪೂರ್ಣಾಂಕ ಕೂಡಿಸಲು ಯಂತ್ರಕ್ಕೆ ಒಂದು ಆಜ್ಞೆ, ದಶಮಾಂಶ ಕೂಡಿಸಲು ಬೇರೆ ಆಜ್ಞೆ. ಯಾವುದು ಬೇಕೋ ಅದನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಿಗೆ ತಿರುಗಿಸುವ ತಂತ್ರಾಂಶ) ಆರಿಸುತ್ತಿತ್ತು. ಆದರೆ ಹೊಸ ಅರ್ಥ ಕೊಡುವ ಹಕ್ಕು ಭಾಷೆ ಕಟ್ಟಿದವರಿಗೆ ಮಾತ್ರ ಇತ್ತು. ಆಲ್ಗಾಲ್ 68 ಬಂದ ಮೇಲೆ ಆ ಹಕ್ಕು ಪ್ರೋಗ್ರಾಮ್ ಬರೆಯುವವರಿಗೂ ಸಿಕ್ಕಿತು. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಸಿಮುಲಾ 67ರಲ್ಲಿ ಕ್ಲಾಸ್ ಎಂಬ ವಿಚಾರ ಕೊಟ್ಟರು. ಎರಡನ್ನೂ ಸೇರಿಸಿ ಜನಪ್ರಿಯ ಮಾಡಿದ್ದು ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ಸಿ ಪ್ಲಸ್ ಪ್ಲಸ್. ಸ್ಮಾಲ್‌ಟಾಕ್ ಭಾಷೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರಿಗೆ 3 + 4 ಎಂದರೆ 3 ಎಂಬ ವಸ್ತುವಿಗೆ, ಅಂದರೆ ಆಬ್ಜೆಕ್ಟ್‌ಗೆ 'ನಿನಗೆ 4 ಕೂಡಿಸಿಕೋ' ಎಂದು ಕಳಿಸುವ ಸಂದೇಶ. ಹೀಗಾಗಿ ಅಲ್ಲಿ 2 + 3 × 4 ಬರೆದರೆ 20 ಬರುತ್ತದೆ. ಎಡದಿಂದ ಬಂದ ಸಂದೇಶ ಮೊದಲು.

ಈಗ ನಮ್ಮ ಹೊಲ. ಒಳಗೆ ಎಲ್ಲವನ್ನೂ ಆಣೆಯಲ್ಲಿ ಇಡೋಣ, ಯಾಕೆಂದರೆ ಉತಾರದಲ್ಲಿ ಗುಂಟೆಯ ಕೆಳಗೆ ಆಣೆಯೂ ಇದೆ. 16 ಆಣೆಗೆ ಒಂದು ಗುಂಟೆ, 640 ಆಣೆಗೆ ಒಂದು ಎಕರೆ. ಹೊರಗೆ ತೋರಿಸುವಾಗ ಮಾತ್ರ ಎಕರೆ, ಗುಂಟೆ, ಆಣೆ. ಪೈಥಾನ್‌ನಲ್ಲಿ ಕೂಡಿಸುವ ಮೆಥಡ್‌ಗೆ ಗೊತ್ತುಮಾಡಿದ ಹೆಸರಿದೆ: ಎರಡು ಅಂಡರ್‌ಸ್ಕೋರ್, ಆಡ್, ಮತ್ತೆ ಎರಡು ಅಂಡರ್‌ಸ್ಕೋರ್. ಹುಡುಗರ ಬಾಯಲ್ಲಿ ಅದು ಡಂಡರ್ ಆಡ್. ಅದರೊಳಗೆ ಎರಡೂ ಹೊಲದ ಆಣೆ ಕೂಡಿಸಿ ಹೊಸದೊಂದು ಹೊಲ ಮಾಡಿ ಹಿಂದಿರುಗಿಸಬೇಕು. 'ಹೊಸದೊಂದು' ಅನ್ನುವುದು ಮುಖ್ಯ. ಎಡಗಡೆಯ ಹೊಲವನ್ನೇ ತಿದ್ದಿ ಕೊಟ್ಟರೆ, ಮೊತ್ತ ಹಾಕಿದ ತಕ್ಷಣ ಮೊದಲನೇ ಸರ್ವೆ ನಂಬರಿನ ವಿಸ್ತೀರ್ಣವೇ ಬದಲಾಗಿ ಕೂತಿರುತ್ತದೆ.

ಇನ್ನು ನನಗೆ ಬಹಳ ಮೆಚ್ಚುಗೆಯಾದ ಭಾಗ. ಎಡಕ್ಕೊಂದು ಬಲಕ್ಕೊಂದು ವಸ್ತು, ನಡುವೆ +. ಪೈಥಾನ್ ಯಾರನ್ನು ಕೇಳುತ್ತದೆ? ಮೊದಲು ಎಡದವರನ್ನು. ಕಚೇರಿಯಲ್ಲಿ ಅರ್ಜಿ ಹಿಡಿದು ಮೊದಲ ಟೇಬಲ್‌ಗೆ ಹೋದ ಹಾಗೆ. ಅವರು 'ಇದು ನನ್ನ ಕೆಲಸ ಅಲ್ಲ' ಎಂದರೆ ಅರ್ಜಿ ತಿರಸ್ಕಾರ ಆಗಲಿಲ್ಲ, ಪಕ್ಕದ ಟೇಬಲ್‌ಗೆ ಹೋಯಿತು ಅಷ್ಟೇ. ಪೈಥಾನ್‌ನಲ್ಲಿ ಹಾಗೆ ಹೇಳಲು 'ನಾಟ್ ಇಂಪ್ಲಿಮೆಂಟೆಡ್' ಎಂಬ ವಿಶೇಷ ಬೆಲೆ ಇದೆ. ಎಡದವರು ಅದನ್ನು ಕೊಟ್ಟರೆ ಬಲದವರ ಡಂಡರ್ ಆರ್‌ಆಡ್ ಎಂಬ ಮೆಥಡ್‌ಗೆ ಸರದಿ. ಅವರೂ ಆಗುವುದಿಲ್ಲ ಎಂದರೆ ಮಾತ್ರ ಟೈಪ್ ಎರರ್, ಅಂದರೆ ಈ ವಸ್ತುಗಳಿಗೆ ಈ ಕ್ರಿಯೆ ಆಗದು ಎಂಬ ದೂರು. ಇದಕ್ಕೊಂದು ಅಪವಾದ ಇದೆ. ಬಲದಲ್ಲಿರುವುದು ಎಡದ್ದರ ಉಪ ಕ್ಲಾಸ್ ಆಗಿದ್ದು, ಆರ್‌ಆಡ್ ಅನ್ನು ತನ್ನದೇ ರೀತಿ ಬರೆದುಕೊಂಡಿದ್ದರೆ ಅದನ್ನೇ ಮೊದಲು ಕೇಳಲಾಗುತ್ತದೆ. 'ಹೊಲ'ದಿಂದ 'ನೀರಾವರಿ ಹೊಲ' ಎಂಬ ಕ್ಲಾಸ್ ಮಾಡಿದ್ದೀರಿ ಅಂದುಕೊಳ್ಳಿ. ವಿಶೇಷ ಜ್ಞಾನ ಅದರ ಹತ್ತಿರ ಇದೆ, ಸಾಮಾನ್ಯ ಹೊಲದ ಹತ್ತಿರ ಇಲ್ಲ. ಸರಿಯಾದವರನ್ನು ಮೊದಲು ಕೇಳುವ ಈ ಏರ್ಪಾಡು ಮಾಡಿದವರು ಚೆನ್ನಾಗಿ ಯೋಚಿಸಿದ್ದಾರೆ.

ಇದೆಲ್ಲ ಯಾಕೆ ಬೇಕು ಎಂದು ಅನಿಸಬಹುದು. ಹತ್ತು ಹೊಲಗಳ ಪಟ್ಟಿ ಕೊಟ್ಟು ಪೈಥಾನ್‌ನ ಮೊತ್ತ ಹಾಕುವ ಸಮ್ ಕರೆದು ನೋಡಿ. ಅದು 0 ಇಂದ ಶುರು ಮಾಡುತ್ತದೆ. ಮೊದಲ ಲೆಕ್ಕವೇ 0 + ಹೊಲ. ಎಡಕ್ಕಿರುವ ಸೊನ್ನೆ ಬರೀ ಪೂರ್ಣಾಂಕ, ಅದಕ್ಕೆ ಹೊಲ ಎಂದರೆ ಏನು ಎಂದು ಗೊತ್ತಿಲ್ಲ. ಅದು ಕೈ ಎತ್ತಿದ ಮೇಲೆ ನಮ್ಮ ಹೊಲವನ್ನು ಕೇಳಲಾಗುತ್ತದೆ. ನಾವು ಆರ್‌ಆಡ್ ಬರೆದು, 'ಸೊನ್ನೆಗೆ ಕೂಡಿಸಿದರೆ ನಾನೇ' ಎಂದು ಹೇಳಿದ್ದರೆ ಸಮ್ ಸರಾಗವಾಗಿ ನಡೆಯುತ್ತದೆ. ಬರೆಯದಿದ್ದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಹೊಲ + 5 ಎಂದು ಯಾರಾದರೂ ಬರೆದರೆ? 5 ಏನು, ಎಕರೆಯೋ ಗುಂಟೆಯೋ? ಸುಮ್ನೆ ಊಹಿಸಬಾರದು. ಕರಣಿ 3 ಮತ್ತು 7ರ ಹಾಗೆ, ಆಗುವುದಿಲ್ಲ ಎಂದೇ ಹೇಳಬೇಕು.

ಈ ಸೌಲಭ್ಯಕ್ಕೆ ಹೆದರುವವರೂ ಇದ್ದಾರೆ. ಜಾವಾ ಭಾಷೆ ಕಟ್ಟಿದ ಜೇಮ್ಸ್ ಗಾಸ್ಲಿಂಗ್ ಇದನ್ನು ಬೇಕೆಂದೇ ಬಿಟ್ಟರು, ಸಿ ಪ್ಲಸ್ ಪ್ಲಸ್‌ನಲ್ಲಿ ಜನ ಇದನ್ನು ಹಾಳು ಮಾಡಿದ್ದನ್ನು ನೋಡಿದ್ದರಿಂದ. ಆದರೂ ಪಠ್ಯದ ತುಣುಕುಗಳನ್ನು (ಸ್ಟ್ರಿಂಗ್) ಜೋಡಿಸಲು ಜಾವಾ + ಅನ್ನೇ ಬಳಸುತ್ತದೆ. ಭಾಷೆ ಕಟ್ಟಿದವರಿಗೆ ಒಂದು ನ್ಯಾಯ, ಬಳಸುವವರಿಗೆ ಇನ್ನೊಂದು! ಹಣದ ಲೆಕ್ಕಕ್ಕೆ ಬಿಗ್‌ಡೆಸಿಮಲ್ ಎಂಬ ಕ್ಲಾಸ್ ಬಳಸುವ ಜಾವಾದವರು ಪ್ರತಿ ಸಲ ಆಡ್, ಮಲ್ಟಿಪ್ಲೈ ಎಂದು ಬರೆಯಬೇಕು. ನಾಲ್ಕು ಪದಗಳ ಸೂತ್ರ ಬರೆದರೂ ಅದರ ಆಕಾರವೇ ಕಣ್ಣಿಗೆ ಕಾಣುವುದಿಲ್ಲ. ಆಕಾರ ಕಾಣದಿದ್ದರೆ ತಪ್ಪೂ ಕಾಣುವುದಿಲ್ಲ. ಇನ್ನು 'ಯಾರೋ 2 + 2 ಅನ್ನು 5 ಮಾಡಿಬಿಟ್ಟರೆ' ಎಂಬ ಭಯ. ಅದಕ್ಕೆ ಸಿ ಪ್ಲಸ್ ಪ್ಲಸ್‌ನಲ್ಲಿ ದಾರಿಯೇ ಇಲ್ಲ. ಎರಡು ಬದಿಗಳಲ್ಲಿ ಒಂದಾದರೂ ನೀವು ಮಾಡಿದ ಬಗೆಯ ವಸ್ತು (ಟೈಪ್) ಆಗಿರಲೇಬೇಕು. ಹೊಸ ಗುರುತು ಹುಟ್ಟಿಸುವಂತಿಲ್ಲ, ಗುಣಾಕಾರ ಮೊದಲು ಎಂಬ ಕ್ರಮವನ್ನೂ ಬದಲಿಸುವಂತಿಲ್ಲ. ಕೆಟ್ಟ ಬಳಕೆ ಇದೆ, ನಿಜ. + ಬರೆದು ಒಳಗೆ ಕಡತ ಅಳಿಸುವವರನ್ನು ಯಾವ ಭಾಷೆಯೂ ತಡೆಯಲಾರದು. ಕೂಡಿಸು ಎಂದು ಹೆಸರಿಟ್ಟ ಮೆಥಡ್‌ನಲ್ಲೂ ಅವರು ಅದನ್ನೇ ಮಾಡುತ್ತಾರೆ.

ಸಮ ಎಂಬ ಗುರುತಿನಲ್ಲಿ ಮಾತ್ರ ಹುಷಾರಾಗಿರಬೇಕು. ನೀವೇನೂ ಬರೆಯದಿದ್ದರೆ, 1 ಎಕರೆ 20 ಗುಂಟೆಯ ಎರಡು ಹೊಲ ಪೈಥಾನ್‌ಗೆ ಸಮವಲ್ಲ. ಎರಡು ಬೇರೆ ಆಬ್ಜೆಕ್ಟ್ ಎಂದಷ್ಟೇ ಅದು ನೋಡುತ್ತದೆ. ಸಮ ಎಂದರೇನು ಎಂದು ಹೇಳುವ ಡಂಡರ್ ಈಕ್ಯು ಮೆಥಡ್ ಬರೆದರೆ ಸಮವಾಗುತ್ತವೆ. ಆದರೆ ಆ ಕ್ಷಣದಿಂದ ಹೊಲವನ್ನು ಡಿಕ್ಷನರಿಯ (ಕೀ ಕೊಟ್ಟರೆ ಅದರ ಬೆಲೆ ಹುಡುಕಿಕೊಡುವ ಪಟ್ಟಿಯ) ಕೀ ಆಗಿ ಇಡಲು ಬರುವುದಿಲ್ಲ. ಸಮವಾದ ಎರಡು ವಸ್ತುಗಳ ಹ್ಯಾಶ್ (ಹುಡುಕಲು ಬಳಸುವ ಸಂಖ್ಯೆ) ಒಂದೇ ಇರಬೇಕು ಎಂಬ ನಿಯಮ ಮುರಿಯದಿರಲಿ ಎಂದು ಪೈಥಾನ್ ಹ್ಯಾಶನ್ನೇ ತೆಗೆದುಹಾಕುತ್ತದೆ. ಹ್ಯಾಶ್ ಮೆಥಡ್ಡನ್ನೂ ನೀವೇ ಬರೆದುಕೊಡಬೇಕು.

ಗುಣಾಕಾರ, ಭಾಗಾಕಾರಕ್ಕೆ ಬಂದಾಗ ಈ ವಿಚಾರದ ಬೆಲೆ ಗೊತ್ತಾಗುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರುಗಳವರಿಗೆ ಎಕರೆಗೆ ಇಷ್ಟು ದರ ಎಂಬ ಮಾತು ಚೆನ್ನಾಗಿ ಗೊತ್ತು. ಎಕರೆಗೆ 10 ಲಕ್ಷ ಎಂದು ಇಟ್ಟುಕೊಳ್ಳಿ. ಹೊಲ 4 ಎಕರೆ 15 ಗುಂಟೆ. ಸರಿಯಾಗಿ ನೋಡಿದರೆ ಅದು 4.375 ಎಕರೆ, ಹಣ 43 ಲಕ್ಷ 75 ಸಾವಿರ. ಉತಾರದ 4.15 ಅನ್ನು ದಶಮಾಂಶ ಎಂದು ತಿಳಿದು ಗುಣಿಸಿದರೆ 41 ಲಕ್ಷ 50 ಸಾವಿರ. ಎರಡೂ ಕಾಲು ಲಕ್ಷ ಒಂದು ಚುಕ್ಕೆಯಲ್ಲಿ ಹೋಯಿತು. ನಮ್ಮ ಕ್ಲಾಸ್‌ನಲ್ಲಿ ಹೊಲ × ದರ ಎಂದರೆ ಹಣ. ಹೊಲ × 2 ಎಂದರೆ ಎರಡು ಪಟ್ಟು ಹೊಲ. ಹೊಲ ÷ ಹೊಲ ಎಂದರೆ ಬರೀ ಸಂಖ್ಯೆ, ಒಂದು ಇನ್ನೊಂದರ ಎಷ್ಟು ಪಟ್ಟು ಎಂದು. ಇದೇ 4 ಎಕರೆ 15 ಗುಂಟೆಯನ್ನು ಮೂವರು ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಳ್ಳಲು (ಪಾಲು ಹಂಚಿಕೊಳ್ಳಲು) ಶೇಷ ಉಳಿಸುವ ಭಾಗಾಕಾರ ಬೇಕು: ಒಬ್ಬೊಬ್ಬರಿಗೆ 1 ಎಕರೆ 18 ಗುಂಟೆ 5 ಆಣೆ, ಉಳಿದದ್ದು 1 ಆಣೆ. ಹೊಲ × ಹೊಲಕ್ಕೆ ಅರ್ಥವೇ ಇಲ್ಲ. ಅದಕ್ಕೆ 'ನಾಟ್ ಇಂಪ್ಲಿಮೆಂಟೆಡ್' ಎಂದೇ ಕೊಡಿ. ಯಾರಾದರೂ ಹೊಲ × ಹೊಲ ಎಂದು ಬರೆದರೆ ಪೈಥಾನ್ ಟೈಪ್ ಎರರ್ ಕೊಟ್ಟು ಆ ಸಾಲಿನಲ್ಲೇ ನಿಲ್ಲಿಸುತ್ತದೆ.